ಪುಸ್ತಕಕ್ಕೆ ಜಾಮೀನು

ನಾನು ಕೆಲಸ ಮಾಡುವ ಸಹಕಾರಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗೆ ಇಬ್ಬರು ಜಾಮೀನುದಾರರ ಸಹಿ ಬೇಕು. ಸಾಲ ಪಡೆದವರು ಕಂತು ತಪ್ಪಿಸಿದರೆ ಮೊದಲ ನೋಟಿಸು ಅವರಿಗೆ ಹೋಗುತ್ತದೆ, ಎರಡನೆಯದು ಜಾಮೀನು ನಿಂತವರಿಗೆ. ಇಪ್ಪತ್ತೆರಡು ವರ್ಷಗಳಿಂದ ಈ ಕಾಗದಗಳ ನಡುವೆ ಕುಳಿತಿರುವುದರಿಂದಲೋ ಏನೋ, ಯಾರಾದರೂ ಒಂದು ಪುಸ್ತಕದ ಹೆಸರು ಹೇಳಿ ‘ಇದನ್ನು ನೀವು ಓದಲೇಬೇಕು’ ಎಂದಾಗ ನನಗೆ ಆ ಎರಡನೆಯ ನೋಟಿಸು ನೆನಪಾಗುತ್ತದೆ. ಹೇಳಿದವರು ಜಾಮೀನಿಗೂ ಸಿದ್ಧರಿದ್ದಾರೆಯೇ, ಇಲ್ಲವೇ ಹೆಸರೊಂದನ್ನು ಉದುರಿಸಿ ಮುಂದೆ ಹೋಗುವವರೇ ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತದೆ.

2025ರ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಹೊಸತರಲ್ಲಿ, ಖಾಲಿ ಉಳಿದಿದ್ದ ಡೈರಿಯೊಂದರಲ್ಲಿ ನಾನು ಒಂದು ಲೆಕ್ಕ ಬರೆಯತೊಡಗಿದೆ. ಎದುರಾದವರನ್ನೆಲ್ಲ ‘ಈಗ ಏನು ಓದುತ್ತಿದ್ದೀರಿ?’ ಎಂದು ಕೇಳುವುದು, ಬಂದ ಉತ್ತರವನ್ನು ತಾರೀಕಿನ ಸಹಿತ ಬರೆದಿಡುವುದು. ದೊಡ್ಡ ಉದ್ದೇಶವೇನೂ ಇರಲಿಲ್ಲ; ಪಟ್ಟಿ ಮಾಡುವ ಚಪಲ ನಮ್ಮ ಕೆಲಸದವರಿಗೆ ಸಹಜ. ಆದರೆ ಹತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಪುಸ್ತಕದ ಹೆಸರಿನ ಪಕ್ಕದಲ್ಲಿ ಇನ್ನೂ ಮೂರು ಗೆರೆಗಳನ್ನು ಎಳೆಯಬೇಕಾಯಿತು: ಯಾವ ಲಿಪಿಯಲ್ಲಿ, ಪ್ರತಿ ಯಾರ ಬಳಿ, ಯಾವಾಗ ಹಿಂದೆ ಕೊಡಬೇಕು. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಅದನ್ನು ನೋಡಿ ನಕ್ಕ. ಅವನಿಗೆ ಪುಸ್ತಕದ ಹೆಸರು ಗೊತ್ತಾದರೆ ಸಾಕು, ಎರಡು ದಿನಗಳೊಳಗೆ ಅದು ಬಾಗಿಲಿಗೆ ಬರುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ ದಾಟಿ ಒಳಗೆ, ಬಸ್ಸಿಳಿದ ಮೇಲೂ ತೋಟದ ನಡುವೆ ಕಾಲು ಗಂಟೆ ನಡೆಯಬೇಕಾದ ನಮ್ಮಂಥವರ ಮನೆಗಳಲ್ಲಿ ಹೆಸರು ತಿಳಿಯುವುದು ಕೆಲಸದ ಕಾಲುಭಾಗ ಮಾತ್ರ.

ಲಿಪಿಯ ಪ್ರಶ್ನೆ ಏಕೆ ಬಂತು ಎಂಬುದನ್ನು ಗಡಿಯ ಆಚೆಯ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ತಾನೇ ಒಂದು ಜಿಲ್ಲೆಯಾಯಿತು. ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ಊರುಗಳಲ್ಲಿ ಮನೆಯ ಒಳಗೆ ಕನ್ನಡ, ಅಂಗಳದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕಡತದಲ್ಲಿ ಮಲಯಾಳ ಮತ್ತು ಇಂಗ್ಲಿಷ್. ನಾಲಗೆ ಇವೆಲ್ಲವನ್ನೂ ಹೇಗೋ ಹೊಂದಿಸಿಕೊಳ್ಳುತ್ತದೆ, ಕಣ್ಣಿಗೆ ಅದು ಸಾಧ್ಯವಾಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತು ಕೆಲಸಕ್ಕಾಗಿ ಮಲಯಾಳ ಅಕ್ಷರ ಕಲಿತ ನನ್ನಂಥವರು ಎರಡನ್ನೂ ಓದುತ್ತೇವೆ. ನನ್ನ ಮಾವನಿಗೆ ಕನ್ನಡ ಲಿಪಿ ಮಾತ್ರ ಗೊತ್ತು. ತಮ್ಮನ ಮಗಳಿಗೆ ಕನ್ನಡ ಲಿಪಿಯೊಂದನ್ನು ಬಿಟ್ಟು ಉಳಿದೆಲ್ಲ ಗೊತ್ತು. ಒಂದೇ ಚಾವಡಿಯಲ್ಲಿ ಕುಳಿತ ಮೂವರಿಗೆ ಒಂದೇ ಪುಸ್ತಕವನ್ನು ಸೂಚಿಸಲು ಆಗುವುದಿಲ್ಲ ಎಂಬುದು ಡೈರಿ ಬರೆಯುವವರೆಗೆ ನನಗೆ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ.

ಡೈರಿಯ ಮೊದಲ ಪುಟದಲ್ಲಿರುವುದು ನಮ್ಮ ಊರಿನ ನಿವೃತ್ತ ಮಾಷ್ಟ್ರು. ಅವರ ಮನೆಯ ಮರದ ಕಪಾಟಿನಲ್ಲಿ ಪುಸ್ತಕಗಳು ಎರಡು ಸಾಲಾಗಿ, ಒಂದರ ಹಿಂದೆ ಒಂದು ನಿಂತಿವೆ. ಪ್ರತಿಯೊಂದರ ಒಳಪುಟದಲ್ಲಿಯೂ ಕೊಂಡ ಊರು, ತಾರೀಕು ಮತ್ತು ಕೊಟ್ಟ ಬೆಲೆ ನೀಲಿ ಶಾಯಿಯಲ್ಲಿ ಬರೆದಿರುತ್ತವೆ. ನಾನು ಕೇಳಿದಾಗ ಅವರು ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ ‘ದುಡಿತವೇ ನನ್ನ ದೇವರು’ ಓದುತ್ತಿದ್ದರು, ನಾಲ್ಕನೆಯ ಸಲವಂತೆ. ಕಯ್ಯಾರರು 1915ರಲ್ಲಿ ಹುಟ್ಟಿ, ನೂರು ತುಂಬಿದ ಮೇಲೆ 2015ರ ಆಗಸ್ಟಿನಲ್ಲಿ ತೀರಿಕೊಂಡವರು. ಪೆರಡಾಲದ ಶಾಲೆಯಲ್ಲಿ ಪಾಠ ಹೇಳುತ್ತ, ಬೇಸಾಯ ಮಾಡುತ್ತ, ಕವಿತೆಯನ್ನೂ ಗಡಿಯ ಹೋರಾಟವನ್ನೂ ಒಂದೇ ಉಸಿರಿನಲ್ಲಿ ನಡೆಸಿದವರು. ಅವರನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇರುವುದರಿಂದ ಆ ಪುಸ್ತಕವನ್ನು ಯಾರೂ ಪುಸ್ತಕವೆಂದು ಓದುವುದಿಲ್ಲ. ‘ಇಲ್ಲಿ ಹೀಗೆ ಬರೆದಿದ್ದಾರೆ, ಆದರೆ ನನಗೆ ಬೇರೆ ನೆನಪು’ ಎಂದು ಅವರೊಂದಿಗೆ ಜಗಳ ತೆಗೆಯುತ್ತ ಓದುತ್ತಾರೆ. ಮಾಷ್ಟ್ರ ಪ್ರತಿಯ ಅಂಚುಗಳಲ್ಲಿ ಪೆನ್ಸಿಲಿನಲ್ಲಿ ಬರೆದ ಪ್ರಶ್ನೆಗಳಿವೆ. ಉತ್ತರ ಕೊಡುವವರು ಇಲ್ಲ ಎಂಬುದು ಅವರಿಗೆ ಒಂದು ಅಡ್ಡಿಯಾಗಿ ಕಂಡಂತಿಲ್ಲ.

ಮಾಷ್ಟ್ರು ಪುಸ್ತಕ ಸೂಚಿಸುವ ಕ್ರಮ ನನಗೆ ಬಹಳ ಇಷ್ಟ. ‘ಒಳ್ಳೆಯ ಪುಸ್ತಕ’ ಎಂಬ ಮಾತನ್ನು ಅವರ ಬಾಯಿಂದ ನಾನು ಕೇಳಿಲ್ಲ. ಮೊದಲು ವಿಚಾರಣೆ ನಡೆಯುತ್ತದೆ: ಮನೆಯಲ್ಲಿ ಈಗ ಯಾರೆಲ್ಲ ಇದ್ದಾರೆ, ರಾತ್ರಿ ಊಟದ ನಂತರ ಎಷ್ಟು ಹೊತ್ತು ಬಿಡುವು, ಕಳೆದ ಸಲ ಒಯ್ದದ್ದನ್ನು ಎಲ್ಲಿಗೆ ನಿಲ್ಲಿಸಿದಿರಿ. ‘ಪೂರ್ತಿ ಓದಿದೆ ಮಾಷ್ಟ್ರೇ’ ಎಂದರೆ ಅವರು ನಂಬುವುದಿಲ್ಲ. ನಡುವಿನ ಯಾವುದೋ ಒಂದು ಪಾತ್ರದ ಹೆಸರು ಕೇಳಿ ಪರೀಕ್ಷೆ ಮಾಡುತ್ತಾರೆ. ಆಮೇಲೆ ಎದ್ದು ಹಿಂದಿನ ಸಾಲಿನಿಂದ ಒಂದನ್ನು ಎಳೆದು, ಧೂಳು ಕೊಡವಿ, ಕೈಗಿಟ್ಟು ‘ನವರಾತ್ರಿಯ ಮೊದಲು ತನ್ನಿ’ ಎನ್ನುತ್ತಾರೆ. ಅಷ್ಟೇ ಅವರ ಶಿಫಾರಸು. ಹೆಸರು ಹೇಳಿ ಪುಸ್ತಕ ಕೊಡದಿರುವುದು ಅವರ ಪ್ರಕಾರ ಊಟಕ್ಕೆ ಕರೆದು ಎಲೆ ಹಾಕದಿರುವುದಕ್ಕೆ ಸಮ.

ನನ್ನ ಮಾವನಿಗೆ ಎಂಬತ್ತು ದಾಟಿದೆ, ಅಡಿಕೆ ಕೃಷಿಕರು. ಅವರಿಗೆ ಮಾಷ್ಟ್ರು ಕೊಟ್ಟದ್ದು ಶಿವರಾಮ ಕಾರಂತರ ‘ಬೆಟ್ಟದ ಜೀವ’. ಆ ಕಾದಂಬರಿ 1943ರಷ್ಟು ಹಳೆಯದು. ಅದರ ಸುಬ್ರಹ್ಮಣ್ಯದ ಸೀಮೆಯೂ ನಮಗೆ ದೂರದ್ದಲ್ಲ. ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯನ ಜೊತೆ ಮಾವ ದಿನಕ್ಕೆ ಎರಡು ಪುಟದಂತೆ ವ್ಯವಹಾರ ನಡೆಸಿದರು. ಓದುತ್ತ ಓದುತ್ತ ನಡುವೆ ಕನ್ನಡಕ ತೆಗೆದು, ‘ಇದು ತೋಟ ಮಾಡಿದವನು ಬರೆದದ್ದಲ್ಲ, ಮಾಡಿದವನ ಹತ್ತಿರ ಕುಳಿತು ಬರೆದದ್ದು’ ಎಂದು ತೀರ್ಪು ಕೊಟ್ಟರು. ಅದು ಆಕ್ಷೇಪವೋ ಮೆಚ್ಚುಗೆಯೋ ನನಗೆ ಗೊತ್ತಾಗಲಿಲ್ಲ. ಮನೆ ಬಿಟ್ಟುಹೋದ ಮಗನ ವಿಷಯ ಬರುವಲ್ಲಿ ಮಾತ್ರ ಅವರು ಏನನ್ನೂ ಹೇಳದೆ ಪುಸ್ತಕ ಮಡಚಿಟ್ಟು, ಮೋಟಾರು ನಿಲ್ಲಿಸಿ ಬರುತ್ತೇನೆಂದು ತೋಟಕ್ಕೆ ಇಳಿದರು. ಮೋಟಾರು ಆಗ ನಡೆಯುತ್ತಿರಲಿಲ್ಲ, ಕರೆಂಟೇ ಇರಲಿಲ್ಲ. ನನ್ನ ಮೈದುನ ಊರು ಬಿಟ್ಟು ಹದಿನೆಂಟು ವರ್ಷವಾಯಿತು. ಮಾಷ್ಟ್ರಿಗೆ ಈ ಸಂಗತಿ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದೇ ಆ ಪುಸ್ತಕ ಕೊಟ್ಟರೇ ಎಂದು ನಾನು ಇನ್ನೂ ಕೇಳಿಲ್ಲ.

ಮಾವ ತಪ್ಪದೆ ಓದುವ ಇನ್ನೊಂದಿದೆ, ಆದರೆ ಅದನ್ನು ಅವರು ‘ಓದು’ ಎಂದು ಒಪ್ಪುವುದಿಲ್ಲ. ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’. ಕೃಷಿಕರೇ ತಮ್ಮ ಅನುಭವವನ್ನು ಬರೆಯಬೇಕು ಎಂಬ ಹಟದಿಂದ ನಡೆದ ಪತ್ರಿಕೆ ಅದು. ಅದನ್ನು ಕಟ್ಟಿ ಬೆಳೆಸಿದ ಶ್ರೀ ಪಡ್ರೆಯವರು ನಮ್ಮ ಎಣ್ಮಕಜೆಯ ಕಡೆಯವರೇ. ನೀರಿಂಗಿಸುವ ಬಗೆಗಿನ ಒಂದು ಲೇಖನ ಓದಿದ ವರ್ಷ ಮಾವ ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ ತೋಡಿಸಿದರು. ಎರಡು ಬೇಸಗೆ ಕಳೆದ ಮೇಲೆ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನಮ್ಮ ಸುರಂಗದ ನೀರು ಏಪ್ರಿಲ್‌ವರೆಗೂ ನಿಂತಿತು. ಕಥೆ ಕಾದಂಬರಿ ಓದಿ ಬದುಕು ಬದಲಾಯಿತೆಂದು ಹೇಳುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ, ಆದರೆ ಈ ನೀರನ್ನು ನಾನೇ ಕುಡಿದಿದ್ದೇನೆ. ಆದ್ದರಿಂದ ಡೈರಿಯಲ್ಲಿ ಅದಕ್ಕೂ ಒಂದು ಸಾಲು ಕೊಟ್ಟಿದ್ದೇನೆ.

ಇನ್ನು ಪುಸ್ತಕ ಬರುವ ದಾರಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಮ್ಮ ಕಡೆಯ ಒಂದು ತಲೆಮಾರಿನ ಓದುಗರಿಗೆ ‘ಪೇಟೆ’ ಎಂದರೆ ಮಂಗಳೂರಿನ ಅತ್ರಿ ಬುಕ್ ಸೆಂಟರ್; 1975ರಲ್ಲಿ ಶುರುವಾಗಿ 2012ರಲ್ಲಿ ಅದು ಬಾಗಿಲು ಮುಚ್ಚಿದಾಗ ಮಾಷ್ಟ್ರು ಅದನ್ನು ಒಂದು ಸಾವಿನ ಸುದ್ದಿಯಂತೆ ನನಗೆ ತಿಳಿಸಿದ್ದರು. ಆಸ್ಪತ್ರೆಗೆ ಹೋದವರು, ಮದುವೆ ಜವಳಿಗೆ ಹೋದವರು, ಕೋರ್ಟು ಕೆಲಸಕ್ಕೆ ಹೋದವರು ಹಿಂದೆ ಬರುವಾಗ ಯಾರದೋ ಚೀಟಿಯಲ್ಲಿದ್ದ ಪುಸ್ತಕವನ್ನು ಹಿಡಿದು ಬರುತ್ತಿದ್ದರು. ಈಗಲೂ ಹಾಗೆಯೇ, ಅಂಗಡಿಗಳು ಮಾತ್ರ ಬೇರೆ. ಕೆಲವು ಪ್ರಕಾಶಕರು ಅಂಚೆಯಲ್ಲಿ ಕಳುಹಿಸುತ್ತಾರೆ. ಅಂಚೆಯಣ್ಣ ಅದನ್ನು ಪೇಟೆಯ ಜೀನಸು ಅಂಗಡಿಯಲ್ಲಿ ಬಿಡುತ್ತಾನೆ, ಅಂಗಡಿಯವರು ಮೊದಲ ಅಧ್ಯಾಯ ಓದಿ ಮುಗಿಸಿದ ಮೇಲೆ ನಮಗೆ ಕೊಡುತ್ತಾರೆ. ಇದು ತಮಾಷೆಯ ಮಾತಲ್ಲ. ನನ್ನ ಡೈರಿಯ ಹದಿನೇಳನೆಯ ಸಾಲು ಆ ಅಂಗಡಿಯವರದ್ದು, ಷರಾದಲ್ಲಿ ‘ಮೊದಲ ಅಧ್ಯಾಯಗಳು ಮಾತ್ರ, ಸುಮಾರು ಮೂವತ್ತು ಪುಸ್ತಕಗಳದ್ದು’ ಎಂದು ಬರೆದಿದ್ದೇನೆ. ಅವರ ಅಭಿಪ್ರಾಯಗಳು ಆಶ್ಚರ್ಯವಾಗುವಷ್ಟು ಸರಿಯಾಗಿರುತ್ತವೆ.

ಜಾಮೀನು ನಿಂತು ನಾನೇ ಸೋತ ಪ್ರಸಂಗವನ್ನೂ ಹೇಳಬೇಕು. 2023ರ ಜನವರಿಯಲ್ಲಿ ಕೆ.ವಿ. ತಿರುಮಲೇಶರು ತೀರಿಕೊಂಡರು. ಕಾರಡ್ಕದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಪಾಠ ಹೇಳಿ, ಕನ್ನಡದಲ್ಲಿ ಕವಿತೆ ಬರೆದವರು. 2015ರಲ್ಲಿ ‘ಅಕ್ಷಯ ಕಾವ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಇಡೀ ಸೀಮೆಯವರು ತಮ್ಮದೇ ಮನೆಗೆ ಬಂದಂತೆ ಸಂಭ್ರಮಿಸಿದ್ದರು, ಓದಿದವರೂ ಓದದವರೂ. ಅವರು ಹೋದ ಬೇಸರದಲ್ಲಿ, ನನ್ನೊಂದಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳಿಗೆ ಆ ಪುಸ್ತಕವನ್ನೇ ಕೊಟ್ಟುಬಿಟ್ಟೆ. ಕಥೆಯ ಎಳೆ ಹಿಡಿದು ನಡೆಯುವ ಕಾವ್ಯವಲ್ಲ ಅದು. ಎಲ್ಲಿಂದಲೋ ಎಲ್ಲಿಗೋ ಹಾರುವ ದೀರ್ಘ ಕಾವ್ಯ. ಕಾವ್ಯ ಓದಿ ಅಭ್ಯಾಸವಿದ್ದ ನನಗೇ ಅದರೊಳಗೆ ದಾರಿ ಸಿಗಲು ಎರಡು ಮಳೆಗಾಲ ಬೇಕಾಗಿತ್ತು. ಹುಡುಗಿ ಮೊದಲ ತಿಂಗಳು ‘ಓದುತ್ತಿದ್ದೇನೆ’ ಎಂದಳು, ಎರಡನೆಯ ತಿಂಗಳು ನಕ್ಕಳು, ಮೂರನೆಯ ತಿಂಗಳಿನಿಂದ ಮುಂದಿನ ಬಾಗಿಲಿನಲ್ಲಿ ಹತ್ತಿ ಮುಂದೆಯೇ ನಿಲ್ಲತೊಡಗಿದಳು. ಹನ್ನೊಂದು ತಿಂಗಳ ನಂತರ ಪುಸ್ತಕ ಅವಳ ಅಮ್ಮನ ಕೈಯಲ್ಲಿ ಹಿಂದೆ ಬಂತು. ಮೊದಲ ಇಪ್ಪತ್ತು ಪುಟಗಳ ಅಂಚು ಮಾತ್ರ ತುಸು ಮಾಸಿತ್ತು. ಬ್ಯಾಂಕಿನ ಭಾಷೆಯಲ್ಲಿ ಅವಳು ಸುಸ್ತಿದಾರಳಲ್ಲ, ತಪ್ಪು ಸಾಲ ಮಂಜೂರು ಮಾಡಿದ ನಾನೇ ತಪ್ಪಿತಸ್ಥಳು. ನನಗೆ ದುಃಖವಾಗಿತ್ತು, ಆ ದುಃಖಕ್ಕೆ ಒಬ್ಬ ಜೊತೆಗಾರರು ಬೇಕಿತ್ತು. ಹುಡುಗಿಗೆ ಏನು ಬೇಕು ಎಂದು ನಾನು ಕೇಳಲೇ ಇಲ್ಲ. ಪುಸ್ತಕ ಸೂಚಿಸುವವರಲ್ಲಿ ಬಹುಪಾಲು ಮಂದಿ ಮಾಡುವ ತಪ್ಪು ಇದೇ ಎಂದು ನನಗೆ ಅನಿಸುತ್ತದೆ. ವರ್ಷದ ಕೊನೆಗೆ ಬರುವ ಹತ್ತು ಪುಸ್ತಕಗಳ ಪಟ್ಟಿಗಳನ್ನು ನಾನೂ ಆಸೆಯಿಂದ ನೋಡುತ್ತೇನೆ. ಆದರೆ ಅವು ಬರೆದವರ ಮನಸ್ಸನ್ನು ಹೇಳುತ್ತವೆಯೇ ಹೊರತು ಓದಬೇಕಾದವರ ಮುಖ ನೋಡಿರುವುದಿಲ್ಲ.

ಇದಕ್ಕೆ ಎದುರಾದ ಅನುಭವ ನಮ್ಮ ಬ್ಯಾಂಕಿನಲ್ಲಿಯೇ ಆಯಿತು. ನನ್ನ ಪಕ್ಕದ ಕೌಂಟರಿನ ಚೇಚ್ಚಿ (ಮಲಯಾಳದಲ್ಲಿ ಅಕ್ಕ) ಪಯ್ಯನ್ನೂರಿನವರು, ಮಲಯಾಳ ಮತ್ತು ಇಂಗ್ಲಿಷ್ ಬಹಳ ಓದುವವರು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮರುವಾರವೇ ಅವರು ಪುಸ್ತಕ ತರಿಸಿ ಮೇಜಿನ ಮೇಲಿಟ್ಟರು. ‘ನಿಮ್ಮ ಭಾಷೆಯದ್ದು. ಇವುಗಳಲ್ಲಿ ನೀವು ಯಾವುದನ್ನೆಲ್ಲ ಓದಿದ್ದೀರಿ?’ ಎಂದು ಕೇಳಿದರು. ಹನ್ನೆರಡು ಕಥೆಗಳಲ್ಲಿ ನಾನು ಕನ್ನಡದಲ್ಲಿ ಓದಿದ್ದುದು ಎರಡೇ ಎರಡು. ನಾಚಿಕೆಯಾಯಿತು ಎಂದು ಬರೆಯಲು ಸಂಕೋಚವಿಲ್ಲ. ಅನುವಾದಕಿ ದೀಪಾ ಭಾಸ್ತಿಯವರು ಎಷ್ಟೋ ಮನೆಮಾತುಗಳನ್ನು, ಸಂಬಂಧಸೂಚಕ ಪದಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಅಕ್ಷರ ಓರೆ ಮಾಡಿಲ್ಲ, ಅಡಿಟಿಪ್ಪಣಿ ಕೊಟ್ಟಿಲ್ಲ. ಅಂಥ ಪದಗಳ ಅರ್ಥ ಕೇಳಲು ಚೇಚ್ಚಿ ಊಟದ ಹೊತ್ತಿಗೆ ನನ್ನ ಕಡೆ ತಿರುಗುತ್ತಿದ್ದರು, ನಾನು ಮಲಯಾಳದಲ್ಲಿ ವಿವರಿಸುತ್ತಿದ್ದೆ. ವಿವರಿಸಿದ ಮೇಲೆ ಮೂಲ ಹೇಗಿದೆಯೋ ನೋಡಬೇಕೆಂಬ ಆಸೆ ನನಗೇ ಹುಟ್ಟಿತು. ಕೊನೆಗೆ ‘ಎದೆಯ ಹಣತೆ’ ಕಥೆಯನ್ನು ನಾನು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತು ಒಂದೇ ದಿನ ಓದಿದೆವು. ಬೆಂಕಿಯ ಅಂಚಿಗೆ ಹೋದ ತಾಯಿಯನ್ನು ಮಗಳು ತಡೆಯುವಲ್ಲಿಗೆ ಅವರು ನನಗಿಂತ ಮೊದಲು ತಲುಪಿದರು; ತಲೆ ಎತ್ತದೆ ಕುಳಿತದ್ದರಿಂದ ನನಗೆ ಅದು ಗೊತ್ತಾಯಿತು. ಕನ್ನಡದ ಪುಸ್ತಕವೊಂದನ್ನು ನನಗೆ ಒಬ್ಬ ಮಲಯಾಳಿ ಸೂಚಿಸಿದರು ಎಂಬುದನ್ನು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಚೇಚ್ಚಿಯ ಓದಿನ ಹಿಂದೆ ಒಂದು ಪರಂಪರೆಯಿದೆ, ಅದನ್ನು ಹೊಗಳದೆ ಮುಂದೆ ಹೋಗಲಾಗದು. ಪಿ.ಎನ್. ಪಣಿಕ್ಕರ್ 1945ರಲ್ಲಿ ತಿರುವಾಂಕೂರಿನ ಸಣ್ಣ ಸಣ್ಣ ಗ್ರಂಥಾಲಯಗಳನ್ನು ಒಂದು ಸಂಘವಾಗಿ ಕಟ್ಟಿದವರು. ಅವರು ತೀರಿಕೊಂಡ ಜೂನ್ 19ನ್ನು ಕೇರಳದಲ್ಲಿ ವಾಚನ ದಿನವಾಗಿ ಆಚರಿಸುತ್ತಾರೆ. ಊರಿಗೊಂದು ವಾಯನಶಾಲೆ, ಅದರಲ್ಲಿ ಕೇರಂ ಬೋರ್ಡು, ಪತ್ರಿಕೆಗಳು, ಮನೆಮನೆಗೆ ಚೀಲದಲ್ಲಿ ಪುಸ್ತಕ ಹೊತ್ತು ಹೋಗುವ ಹೆಂಗಸರು. ಗಡಿಯಲ್ಲಿರುವ ನಮಗೂ ಆ ವ್ಯವಸ್ಥೆಯ ಫಲ ಸಿಕ್ಕಿದೆ. ನಾನು ಹೋಗುವ ಲೈಬ್ರರಿಯಲ್ಲಿ ಮಲಯಾಳಕ್ಕೆ ಹನ್ನೊಂದು ಕಪಾಟುಗಳಿವೆ, ಕನ್ನಡಕ್ಕೆ ಒಂದೂವರೆ. ಆ ಅರ್ಧದಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟ ಹಳೆಯ ವಾರಪತ್ರಿಕೆಗಳೂ, ಒಂದು ಮಹಾಕಾದಂಬರಿಯ ಎರಡನೆಯ ಸಂಪುಟವೂ ಇವೆ. ಮೊದಲನೆಯ ಸಂಪುಟವನ್ನು ಯಾರೂ ಕಂಡಿಲ್ಲ. ಆದರೂ ಆ ಒಂದೂವರೆ ಕಪಾಟಿನಲ್ಲಿ ನಾನು ಮೊದಲು ನೋಡುವುದು ಹೊದಿಕೆಯನ್ನಲ್ಲ, ಹಿಂಬದಿಗೆ ಅಂಟಿಸಿದ ತಾರೀಕಿನ ಚೀಟಿಯನ್ನು. ಒಂದು ಪುಸ್ತಕ ಮಳೆಗಾಲಕ್ಕೊಮ್ಮೆ ತಪ್ಪದೆ ಹೊರಗೆ ಹೋಗಿ ಬಂದಿದ್ದರೆ ಅದಕ್ಕಿಂತ ನಂಬಿಕೆಯ ಸಾಕ್ಷಿ ಇಲ್ಲ; ಆ ಚೀಟಿಗೆ ಯಾರ ಮುಲಾಜೂ ಇರುವುದಿಲ್ಲ.

ಕನ್ನಡದಲ್ಲಿ ನಾವು ‘ಓದು’ ಎನ್ನುವುದಕ್ಕೆ ಮಲಯಾಳದಲ್ಲಿ ‘ವಾಯನ’ ಎನ್ನುತ್ತಾರೆ. ನಮ್ಮ ಓದಿನ ಬಂಧುವಾದ ಪದ ಅಲ್ಲಿಯೂ ಉಂಟು, ಆದರೆ ‘ಓತ್ತ್’ ಎಂದರೆ ವೇದವನ್ನೋ ಕುರಾನನ್ನೋ ಬಾಯಿಬಿಟ್ಟು ಪಠಿಸುವುದು. ಕುರಾನ್ ಕಲಿಸುವ ಹಳೆಯ ಮಕ್ಕಳ ಶಾಲೆಗೆ ‘ಓತ್ತುಪಳ್ಳಿ’ ಎಂದೇ ಹೆಸರು. ಗಡಿಯಲ್ಲಿ ಕುಳಿತವರಿಗೆ ಇಂಥವು ಕಾಲಿಗೆ ಎಡವುತ್ತಿರುತ್ತವೆ. ಕರ್ಕಾಟಕ ಮಾಸ ಬಂದರೆ ಪಕ್ಕದ ಮಲಯಾಳಿ ಮನೆಯಿಂದ ಸಂಜೆ ಎಳುತ್ತಚ್ಛನ ರಾಮಾಯಣದ ರಾಗ ಮಳೆಯೊಂದಿಗೆ ಕೇಳಿಬರುತ್ತದೆ. ನಮಗೆ ಅದೇ ಆಟಿ ತಿಂಗಳು, ನಮ್ಮ ದೊಡ್ಡಮ್ಮ ಚಾವಡಿಯಲ್ಲಿ ತೊರವೆ ರಾಮಾಯಣ ಹಿಡಿದು ಕೂರುತ್ತಾರೆ. ಯಾರೂ ಯಾರಿಗೂ ಸೂಚಿಸದೆ ವರ್ಷ ವರ್ಷವೂ ತಾನಾಗಿ ಕೈಗೆ ಬರುವ ಪುಸ್ತಕಗಳಿವು, ಮತ್ತು ಎರಡೂ ಮನೆಗಳಲ್ಲಿ ಅವುಗಳನ್ನು ಓದುವುದು ಒಬ್ಬರು, ಕೇಳುವುದು ಉಳಿದವರೆಲ್ಲರು. ಈ ಹಳೆಯ ಕ್ರಮವೇ ನನ್ನ ಲಿಪಿಯ ತೊಡಕಿಗೆ ದಾರಿ ತೋರಿಸಿತು.

ತಮ್ಮನ ಮಗಳು ಒಂಬತ್ತನೆಯ ತರಗತಿ. ಇಂಗ್ಲಿಷ್ ಮಾಧ್ಯಮ, ಎರಡನೆಯ ಭಾಷೆ ಮಲಯಾಳ. ಮನೆಯಲ್ಲಿ ನಿರರ್ಗಳವಾಗಿ ಕನ್ನಡ ಮಾತನಾಡುತ್ತಾಳೆ, ಕನ್ನಡದಲ್ಲಿಯೇ ಜಗಳವಾಡುತ್ತಾಳೆ, ಆದರೆ ಅಕ್ಷರಗಳ ಮುಂದೆ ಅತಿಥಿಯಂತೆ ನಿಲ್ಲುತ್ತಾಳೆ. ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ ‘ಅತ್ತೆ, ನೀವು ಎಲ್ಲರ ಹತ್ತಿರವೂ ಕೇಳುತ್ತೀರಿ, ನನ್ನ ಹತ್ತಿರ ಕೇಳುವುದಿಲ್ಲವೇ?’ ಎಂದಳು. ಕೇಳಿದೆ. ಮಲಯಾಳದ ಲೇಖಕ ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮಯ ಆಡು’ ಎಂದಳು. ಅಷ್ಟಕ್ಕೇ ನಿಲ್ಲಿಸದೆ, ಆ ಆಡು ಬಷೀರರ ಪುಸ್ತಕಗಳನ್ನೇ, ‘ಬಾಲ್ಯಕಾಲಸಖಿ’ಯನ್ನೂ ‘ಶಬ್ದಙ್ಙಳ್’ ಎಂಬುದನ್ನೂ ತಿಂದುಹಾಕುವ ಕಥೆಯನ್ನು ದೊಡ್ಡಮ್ಮನಿಗೆ ಅಭಿನಯ ಸಹಿತ ಹೇಳಿದಳು. ದೊಡ್ಡಮ್ಮ ಪೂರ್ತಿ ಕೇಳಿ, ‘ಬರೆದವನೇ ಮನೆಯಲ್ಲಿ ಕೂತಿದ್ದಾನಲ್ಲ, ಇನ್ನೊಂದು ಬರೆದುಕೊಳ್ಳಲಿ. ಆಡಿಗೆ ಹೊಟ್ಟೆ ಕೆಡಲಿಲ್ಲವಾ?’ ಎಂದು ಕೇಳಿದರು. ಅವರ ಹೆಸರಿನ ಮುಂದೆ ನಾನು ‘ಪಾತುಮ್ಮಯ ಆಡು, ಕಿವಿಯಿಂದ’ ಎಂದು ಬರೆದುಕೊಂಡೆ.

ಪ್ರತಿಯಾಗಿ ನಾನು ಅವಳಿಗೆ ಕೊಟ್ಟದ್ದು ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’. ಕೊಟ್ಟದ್ದು ಎಂದರೆ ಓದಿ ಹೇಳಿದ್ದು. ಸುಲಿದ ಅಡಿಕೆಯ ರಾಶಿಯಿಂದ ಪಟೋರ, ಉಳ್ಳಿಗಡ್ಡೆ, ಕೋಕ ಎಂಬ ದರ್ಜೆಗಳನ್ನು ಬೇರ್ಪಡಿಸುವ ಕೆಲಸ ರಾತ್ರಿ ಊಟದ ನ‌ಂತರ ಒಂದು ಗಂಟೆ ನಡೆಯುತ್ತದೆ. ಕೈಗೆ ಕೆಲಸ, ಕಿವಿಗೆ ಬಿಡುವು. ಹತ್ತು ರಾತ್ರಿಗಳಲ್ಲಿ ಮುಗಿಯಿತು. ನಾದಿರಾಳ ತಂದೆಯ ಹಟ, ಗಂಡನ ಮನೆಗೆ ಹಿಂದಿರುಗಬೇಕಾದರೆ ಅವಳ ಮುಂದೆ ಇಟ್ಟ ಆ ಒಂದು ರಾತ್ರಿಯ ಮದುವೆಯ ನಿಬಂಧನೆ, ಇವೆಲ್ಲ ಬರುವಾಗ ನಾನು ಕೆಲವು ವಾಕ್ಯಗಳನ್ನು ಹಾರಿಸಲೇ ಎಂದು ಯೋಚಿಸಿದೆ. ಹುಡುಗಿ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು, ‘ನಿಲ್ಲಿಸಬೇಡಿ ಅತ್ತೆ, ನನಗೆ ಅರ್ಥವಾಗುತ್ತದೆ’ ಎಂದಳು. ಮಾವ ಒಳಗೆ ಮಲಗಿದ್ದವರು ಕೆಮ್ಮಿದರು. ಅವರೂ ಕೇಳುತ್ತಿದ್ದರು ಎಂದಾಯಿತು.

ಆ ಕಾದಂಬರಿ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ನಮ್ಮ ಕಡೆ ಎಂಥ ಗದ್ದಲವಾಯಿತೆಂದು ಮಾಷ್ಟ್ರು ಹೇಳುತ್ತಿರುತ್ತಾರೆ. ಹುಡುಗಿಯ ಗಮನ ಹೋದದ್ದು ಬೇರೆ ಕಡೆಗೆ. ಸಾರಾ ಅವರು 1936ರಲ್ಲಿ ಇದೇ ಕಾಸರಗೋಡಿನಲ್ಲಿ ಹುಟ್ಟಿದವರು, ಮನೆಮಾತು ಮಲಯಾಳ, ಶಾಲೆಯಲ್ಲಿ ಕನ್ನಡ, ಬರೆದದ್ದೆಲ್ಲ ಶಾಲೆಯ ಭಾಷೆಯಲ್ಲಿ ಎಂದು ನಾನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಹಾಗಾದರೆ ಅವರು ನಾನೇ, ತಿರುಗಾಮುರುಗಾ’ ಎಂದಳು. ನನಗೆ ಏನೂ ಹೇಳಲು ತೋಚಲಿಲ್ಲ. ಮನೆಯ ಮಾತಿನಲ್ಲಿ ಓದಲು ಬಾರದಿರುವುದನ್ನು ನಾನು ಅವಳ ಕೊರತೆ ಎಂದೇ ತಿಳಿದಿದ್ದೆ. ಅವಳ ತಮ್ಮನಿಗಾದರೂ ಕನ್ನಡ ಕಲಿಸಬೇಕೆಂದು ನನ್ನ ತಮ್ಮನಿಗೆ ಉಪದೇಶ ಮಾಡಿಯೂ ಇದ್ದೆ. ಉಪದೇಶವನ್ನು ಈಗಲೂ ಹಿಂದೆ ಪಡೆದಿಲ್ಲ, ಆದರೆ ದನಿ ತಗ್ಗಿಸಿದ್ದೇನೆ.

ಮಲಯಾಳದಿಂದ ಕನ್ನಡಕ್ಕೆ ಬಾಯಿಮಾತಿನಲ್ಲಿ ದಾಟಿಸಿದ ಇನ್ನೊಂದು ಪುಸ್ತಕ ಮಾತ್ರ ಅರ್ಧಕ್ಕೆ ನಿಂತಿತು. ಅಂಬಿಕಾಸುತನ್ ಮಾಂಙಾಡ್ ಅವರ ‘ಎಣ್ಮಕಜೆ’ 2009ರಲ್ಲಿ ಬಂದ ಕಾದಂಬರಿ; ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಆ ಊರನ್ನು ಏನು ಮಾಡಿತೆಂಬುದರ ಕಥೆ. ನನ್ನ ಬಳಿ ಇದ್ದುದು ಮಲಯಾಳ ಪ್ರತಿ. ಮಾವನ ಅಕ್ಕನನ್ನು ಕೊಟ್ಟದ್ದು ಆ ಕಡೆಗೆ. ತಮ್ಮ ಊರಿನ ಪಕ್ಕದ ಊರಿನ ಹೆಸರು ಹೊತ್ತ ಪುಸ್ತಕವನ್ನು ತಾವು ಓದಲಾಗದೆ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಮಾವನನ್ನು ಕಂಡು, ದಿನಕ್ಕೊಂದು ಅಧ್ಯಾಯ ಕನ್ನಡದಲ್ಲಿ ಹೇಳುತ್ತೇನೆಂದು ನಾನೇ ಒಪ್ಪಿಕೊಂಡೆ. ನಾಲ್ಕನೆಯ ದಿನ ಅವರು ಕೈ ಎತ್ತಿ ನಿಲ್ಲಿಸಿದರು. ‘ಮದ್ದು ಬಿಡುವ ದಿನ ಬಾವಿ ಮುಚ್ಚಿ ಎಂದು ಹೇಳಿಹೋಗುತ್ತಿದ್ದರು. ಬಾವಿಗೆ ಮಡಲು ಹಾಕಬಹುದು. ಸುರಂಗವನ್ನು ಮುಚ್ಚುವುದು ಹೇಗೆ? ಅಕ್ಕನ ಮನೆಯದ್ದು ಸುರಂಗದ ನೀರು’ ಎಂದರು. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಆ ನೀರಿನ ದಾರಿಗಳನ್ನು ನೋಡದವರಿಗೆ ಈ ಮಾತು ಪೂರ್ತಿಯಾಗಿ ತಾಗಲಾರದು. ಆಮೇಲೆ ಆ ಪುಸ್ತಕದ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗೊತ್ತಿದ್ದವರಿಗೆ ಹೇಳುವುದು ಬೇಡ, ಗೊತ್ತಿಲ್ಲದವರಿಗೆ ಹೇಳಲಿ ಎಂಬುದು ಅವರ ಮನಸ್ಸಿನಲ್ಲಿ ಇದ್ದಿರಬೇಕು. ಡೈರಿಯಲ್ಲಿ ಆ ಸಾಲಿನ ಮುಂದೆ ‘ಅಪೂರ್ಣ’ ಎಂದಿದೆ. ಈ ಅಪೂರ್ಣಕ್ಕೆ ನಾನು ಯಾವ ನೋಟಿಸನ್ನೂ ಕಳುಹಿಸುವುದಿಲ್ಲ.

ಈ ವಾರದ ಲೆಕ್ಕ ಹೀಗಿದೆ. ‘ಎಣ್ಮಕಜೆ’ ಚೇಚ್ಚಿಯ ಅಮ್ಮನ ಬಳಿ ಪಯ್ಯನ್ನೂರಿನಲ್ಲಿದೆ, ಓಣಂ ಕಳೆದು ಬರುತ್ತದೆ. ‘ಬೆಟ್ಟದ ಜೀವ’ ಮಾಷ್ಟ್ರ ಕಪಾಟಿನ ಹಿಂದಿನ ಸಾಲಿಗೆ ಮರಳಿದೆ. ಹಿಂದೆ ಕೊಡುವಾಗ ಮಾವ ಒಳಪುಟದಲ್ಲಿ ತಮ್ಮ ಹೆಸರಿನ ಬದಲು ‘ಎರಡು ತಿಂಗಳು ಇಟ್ಟುಕೊಂಡಿದ್ದೇನೆ’ ಎಂದಷ್ಟೇ ಬರೆದರು. ‘ಅಕ್ಷಯ ಕಾವ್ಯ’ ನನ್ನ ಮೇಜಿನ ಮೇಲೆಯೇ ಇದೆ. ‘ಚಂದ್ರಗಿರಿಯ ತೀರದಲ್ಲಿ’ ಕಾಣಿಸಲಿಲ್ಲವೆಂದು ಮನೆಯೆಲ್ಲ ಹುಡುಕಿ ಡೈರಿ ತೆರೆದರೆ, ‘ಯಾರ ಬಳಿ’ ಎಂಬ ಗೆರೆಯ ಕೆಳಗೆ ನನ್ನದಲ್ಲದ ಕೈಬರಹ, ಮಲಯಾಳ ಅಕ್ಷರಗಳಲ್ಲಿ ಕನ್ನಡ ವಾಕ್ಯ: ‘ನಾನು ತೆಗೆದುಕೊಂಡು ಹೋಗಿದ್ದೇನೆ ಅತ್ತೆ, ಕ್ಲಾಸಿನ ಮೂವರಿಗೆ ಓದಿ ಹೇಳಬೇಕಂತೆ, ಓದುವವರು ಬೇಕಾಗಿದ್ದಾರೆ.’ ಹಿಂದೆ ಕೊಡುವ ತಾರೀಕಿನ ಜಾಗ ಖಾಲಿಯಿದೆ. ಮುಂದಿನ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆಂದು ತಮ್ಮನಿಗೆ ಫೋನು ಮಾಡಿದ್ದೇನೆ.